ಎಂಟಾಗದ ಮೂರು

ಎಲ್ಲ ಶುರುವಾದದ್ದು ಒಂದು ಪೆನ್ಸಿಲ್ಲಿನಿಂದ. ರವಿವಾರ ಬೆಳಿಗ್ಗೆ ಬೆಟಗೇರಿಯ ಕಿರಣಕುಮಾರ ತನ್ನ ತಂದೆಯ ಬಿ.ಎಸ್.ಎ. ಮೋಟರ್‌ಸೈಕಲ್ಲಿನ ಕುತ್ತಿಗೆಗೆ ತೆಳ್ಳನೆಯ ಕಾಗದ ಹಚ್ಚಿ, ಅದರ ಮೇಲೆ ಪೆನ್ಸಿಲ್ ಉಜ್ಜಿದ. ದಾಖಲೆಪತ್ರ ಹೊಸದು ಮಾಡಿಸಲು ಚಾಸಿ ನಂಬರಿನ ಅಚ್ಚು ಬೇಕೆಂದು ಏಜೆಂಟ ಹೇಳಿದ್ದ. ಅಚ್ಚು ಚೆಂದವಾಗಿ ಮೂಡಿತು. ಕೊನೆಯ ಎರಡು ಅಂಕಿ 73. ಹಿಂದಿನ ದಿನವಷ್ಟೇ ಅವ್ವನ ಟ್ರಂಕಿನ ತಳದಲ್ಲಿ ಸಿಕ್ಕಿದ ಗಾಡಿಯ ಪುಸ್ತಕದಲ್ಲಿ ಇದ್ದದ್ದು 78.

ಕಣ್ಣು ಒರೆಸಿಕೊಂಡು ಮತ್ತೆ ಉಜ್ಜಿದ. ಮೂರು ಸಲ ಉಜ್ಜಿದರೂ ಮೂರು ಮೂರೇ ಆಗಿತ್ತು.

ಕಿರಣಕುಮಾರ ನೇಕಾರರ ಸೊಸೈಟಿಯಲ್ಲಿ ಗುಮಾಸ್ತ. ತಂದೆ ನಾರಾಯಣಪ್ಪ ಈ ಗಾಡಿಗೆ ಸೀರೆಯ ಗಂಟು ಕಟ್ಟಿಕೊಂಡು ಮುಂಡರಗಿ, ಲಕ್ಷ್ಮೇಶ್ವರದ ಸಂತೆಗಳಿಗೆ ಹೋಗುತ್ತಿದ್ದರು. ಹೋಗುತ್ತಿದ್ದರು ಎನ್ನುವುದಕ್ಕಿಂತ ಹೊರಡುತ್ತಿದ್ದರು ಎನ್ನಬೇಕು, ಅರ್ಧ ದಾರಿಗೆ ಗಾಡಿ ನಿಂತುಬಿಡುತ್ತಿತ್ತು. ಅವರು ತೀರಿಕೊಂಡ ಮೇಲೆ ಮುರಿದ ಮಗ್ಗದ ಕಟ್ಟಿಗೆಯಡಿ ಮಲಗಿದ್ದ ಅದನ್ನು ಮೂರು ವರ್ಷದ ಹಿಂದೆ ಕಿರಣಕುಮಾರ ಹೊರಗೆಳೆದಾಗ, ಅದು ಯಾವ ಗಾಡಿ ಎಂದು ಯಾರಿಗೂ ತಿಳಿಯಲಿಲ್ಲ. ಒಬ್ಬರು ಟ್ರಯಂಫ್ ಎಂದರು, ಒಬ್ಬರು ನಾರ್ಟನ್ ಎಂದರು. ಎದುರುಮನೆಯ ದ್ಯಾಮವ್ವ ನೀರೆತ್ತುವ ಪಂಪು ಎಂದಳು. ಕೊನೆಗೆ ಮೇಸ್ತ್ರಿ ಮಲಂಗಸಾಬ ಸೀಮೆಎಣ್ಣೆ ಹಾಕಿ ಇಂಜಿನ್ನಿನ ಜಿಡ್ಡು ತಿಕ್ಕಿದಾಗ, ಒಂದಕ್ಕೊಂದು ಆನಿಸಿ ನಿಲ್ಲಿಸಿದ ಮೂರು ಬಂದೂಕಿನ ಗುರುತು ಕಂಡಿತು.

"ಬಿ.ಎಸ್.ಎ. ಐತಿ. ವಿಲಾಯತಿದು, ಲಡಾಯಿ ಕಾಲದ್ದು," ಎಂದ ಮಲಂಗಸಾಬ.

"ಬಿ.ಎಸ್.ಎ. ಅಂದ್ರ ಸೈಕಲ್ ಅಲ್ಲೇನೋ? ಮತ್ತ ಪೆಡ್ಲ ಎಲ್ಲಿ ಹೋದ್ವು?" ಎಂದಳು ದ್ಯಾಮವ್ವ.

ಅಂದಿನಿಂದ ಮೂರು ವರ್ಷದ ರವಿವಾರಗಳೆಲ್ಲ ಆ ಗಾಡಿಗೇ ಹೋದವು. ಕಿಡಿ ಹಾರಿಸುವ ಮ್ಯಾಗ್ನೆಟೊ ಸತ್ತಿತ್ತು, ಅದಕ್ಕೆ ಹೊಸ ತಂತಿ ಸುತ್ತಿಸಿದರು. ಹಸಿರು ಬಣ್ಣ ಕಲಸಿ ಕಲಸಿ ಹಳೆಯದಕ್ಕೆ ಹೊಂದಿಸಿದರು. ಈಗ ಅದು ಒಂದೇ ಒದೆಗೆ ಎದ್ದು, ಊಟವಾದ ಮೇಲೆ ತೇಗುವ ಬೀಗರ ಹಾಗೆ ಗಂಭೀರವಾಗಿ ಡುಬು ಡುಬು ಎನ್ನುತ್ತಿತ್ತು. ಹೆಂಡತಿ ಕಲ್ಪನಾ ಮಾತ್ರ ಅದರ ಮೇಲೆ ಒಮ್ಮೆಯೂ ಕೂತಿರಲಿಲ್ಲ. "ಸವತಿ ಹೆಗಲ ಮ್ಯಾಲ ಯಾರ ಕುಂಡರತಾರ?" ಎನ್ನುತ್ತಿದ್ದಳು.

ನಂಬರು ತಾಳೆಯಾಗದ ಸುದ್ದಿಗೆ ಓಣಿ ಸೇರಿತು. ದ್ಯಾಮವ್ವ ಕನ್ನಡಕ ಏರಿಸಿ ಬಗ್ಗಿ ನೋಡಿದಳು.

"ಇದಕ್ಯಾಕ ಇಷ್ಟ ಮಾರಿ ಸಣ್ಣ ಮಾಡತಿ? ಉಳಿ ತಗೊಂಡು ಮೂರರ ಬಾಯಿ ಮುಚ್ಚಿಬಿಡು. ಎಂಟ ಆಕ್ಕೈತಿ."

ಕಿರಣಕುಮಾರನ ಕೈ ಒಂದು ಕ್ಷಣ ಉಳಿಯ ಕಡೆ ಹೋದದ್ದು ಸುಳ್ಳಲ್ಲ. ಅಷ್ಟರಲ್ಲಿ ಮಲಂಗಸಾಬ ಬಂದ.

"ಮುಟ್ಟಬ್ಯಾಡ್ರಿ ಕಿರಣಣ್ಣ! ಗಾಡಿ ನಂಬರ ತಿದ್ದೂದು ಅಂದ್ರ ಅಪ್ಪನ ಹೆಸರ ತಿದ್ದಿದಂಗ." ಆಮೇಲೆ ತಲೆ ಕೆರೆದುಕೊಂಡು, "ನಿಮ್ಮ ಅಪ್ಪಾರು ಮತ್ತ ಲಕ್ಷ್ಮೇಶ್ವರದ ಶೇಖಸಾಬ್ರು ಒಂದ ಲಿಲಾವಿನಾಗ ಸವಾಲ ಕೂಗಿ ಎರಡ ಗಾಡಿ ಹಿಡದಿದ್ರು. ನಮ್ಮ ಅಬ್ಬಾ ಹೇಳತಿದ್ದ. ಅವರ ಮಗ ಆಸೀಮ ಅಲ್ಲೇ ಟೇಲರ್ ಅದಾನ," ಎಂದ.

ಆಸೀಮನಿಗೆ ಫೋನು ಹೋಯಿತು. ಅವನು ಕಪಾಟು ತಡಕಿ, ತನ್ನ ತಂದೆಯ ಗಾಡಿಯ ಪುಸ್ತಕ ತೆಗೆದು ನಂಬರು ಓದಿದ. ಕೊನೆಗೆ ಬಂದದ್ದು 73.

ಕಿರಣಕುಮಾರ ಪಾವಟಿಗೆಯ ಮೇಲೆ ಕುಸಿದು ಕೂತ. ಮೂರು ವರ್ಷ ಉಜ್ಜಿ ಹೊಳೆಸಿದ್ದು ಶೇಖಸಾಬರ ಗಾಡಿ.

"ಅಂಜಬ್ಯಾಡೊ," ಎಂದಳು ದ್ಯಾಮವ್ವ. "ಶೇಖಸಾಬ ಇಲ್ಲ. ಆತನ ಹೆಂಡತಿ ಬೀಬಿಜಾನಗ ಎಂಬತ್ತ ದಾಟೇತಿ. ಆಕಿ ಏನ್ ಕಿಕ್ ಹೊಡೀತಾಳ? ಹೋಗಿ ಖರೆ ಹೇಳು. ಇರ್ಲಿ ಇಟ್ಕೊಳ್ಳಪಾ ಅಂತಾಳ. ಒಂದ ಸಹಿ ಹಾಕಿಸ್ಕೊಂಡ ಬಾ."

ಎಲ್ಲರೂ ಹೌದೆಂದರು. ಕಿರಣಕುಮಾರನಿಗೂ ಧೈರ್ಯ ಬಂತು. 'ನನ್ನ ತಕರಾರಿಲ್ಲ' ಎಂಬ ಒಪ್ಪಿಗೆಪತ್ರ ಬರೆದು ಕಿಸೆಯಲ್ಲಿಟ್ಟುಕೊಂಡು ಹೊರಟ. ಆಗ ಕಲ್ಪನಾ ಹೆಲ್ಮೆಟ್ ಹಿಡಿದು ಹೊರಗೆ ಬಂದಳು.

"ನಾನೂ ಬರತೀನ್ರಿ."

"ನೀನು? ಇದರ ಮ್ಯಾಲ?"

"ಅಕಸ್ಮಾತ ಗಾಡಿ ಕೈಬಿಟ್ಟ ಹೋದ್ರ ಹೋಗತೈತಿ. ಒಮ್ಮೆರ ಕುಂತಿದ್ದೆ ಅನ್ನೂದಾದ್ರೂ ಇರಲಿ."

ಶಿರಹಟ್ಟಿಯವರೆಗೆ ಪ್ರಯಾಣ ಮದುವೆಯ ಮೆರವಣಿಗೆಯಂತೆ ಸಾಗಿತು. ಊರೊಳಗೆ ಒಂದು ಎಮ್ಮೆ ಅಡ್ಡ ಬಂತು. ವಿಲಾಯತಿ ಗಾಡಿಗೆ ಬ್ರೇಕು ಎಡಗಾಲಿಗೆ, ಗೇರು ಬಲಗಾಲಿಗೆ. ಗಾಬರಿಯಲ್ಲಿ ಕಿರಣಕುಮಾರ ಬಲಗಾಲು ಒತ್ತಿದ. ಗಾಡಿ ನಿಲ್ಲುವ ಬದಲು ಗುಟುರು ಹಾಕಿ, ಎಮ್ಮೆಯನ್ನು ಬಳಸಿ, ಕರೆವ್ವ ಎಂಬಾಕೆಯ ಉಳ್ಳಾಗಡ್ಡಿಯ ರಾಶಿಗೆ ಹೊಕ್ಕು ನಿಂತಿತು.

"ಕಣ್ಣ ಮನ್ಯಾಗ ಬಿಟ್ಟ ಬಂದೀಯೇನೊ?" ಎಂದು ಕರೆವ್ವ ಕೂಗಾಡಿದಳು. ಸುತ್ತ ನೆರೆದವರಲ್ಲಿ ಒಬ್ಬ, "ಯಾವ ಸಿನಿಮಾದ ಶೂಟಿಂಗ್ ರಿ?" ಎಂದು ಕೇಳಿದ. ಗಂಡ ಹೆಂಡತಿ ಇಬ್ಬರೂ ನೆಲಕ್ಕೆ ಕೂತು ಉಳ್ಳಾಗಡ್ಡಿ ಆರಿಸಿ ಮತ್ತೆ ರಾಶಿ ಮಾಡಿದರು. ಕಲ್ಪನಾಳಿಗೆ ನಗು ತಡೆಯಲಾಗಲಿಲ್ಲ. ಅವಳು ಹೀಗೆ ಕಣ್ಣಲ್ಲಿ ನೀರು ಬರುವಂತೆ ನಕ್ಕು ಎಷ್ಟು ವರ್ಷವಾಗಿತ್ತೋ. ಮುಂದಿನ ದಾರಿಯಲ್ಲಿ ಅವಳ ಕೈ ಗಂಡನ ಹೆಗಲ ಮೇಲೇ ಇತ್ತು.

ಲಕ್ಷ್ಮೇಶ್ವರದ ಓಣಿಯಲ್ಲಿ ಗಾಡಿ ಇನ್ನೂ ತಿರುವಿನಲ್ಲಿರುವಾಗಲೇ ಅದರ ಸದ್ದು ಕೇಳಿ ಬೀಬಿಜಾನ ಕೋಲೂರಿಕೊಂಡು ಬಾಗಿಲಿಗೆ ಬಂದು ನಿಂತಿದ್ದಳು. ಕಿರಣಕುಮಾರ ಎಲ್ಲವನ್ನೂ ಹೇಳಿದ. ಅವಳು ಪೆಟ್ರೋಲ್ ಟಾಕಿ ಸವರಿದಳು, ಸೀಟು ಒತ್ತಿ ನೋಡಿದಳು.

"ಇದು ನಮ್ಮವರದ ಬೇಟಾ. ಆಗೆಲ್ಲ ಇದು ನಿಂತ ನಿಂತಲ್ಲೇ ನಿಲ್ಲತಿತ್ತು. ನಾನು ಸೂಲಗಿತ್ತಿ. ಹಳ್ಳಿ ಮ್ಯಾಲಿಂದ ಕರಿ ಬಂದ್ರ ನಮ್ಮವರ ಹಿಂದ ಇದರ ಮ್ಯಾಲ ಕುಂತ ಜಲ್ದಿ ಹೋಗಬೇಕು. ಒಂದಿನ ನಡುದಾರ್ಯಾಗ ಕೈ ಕೊಟ್ಟಿತು. ನಾ ಮುಟ್ಟೂದ್ರಾಗ ಆ ಕೂಸು..." ಬೀಬಿಜಾನ ಕೈ ತಿರುವಿದಳು. "ಮರುದಿನ ನಿಮ್ಮಪ್ಪ ಬಂದ. 'ಸೀರಿ ಒಂದಿನ ತಡ ಆದ್ರ ನಡೀತೈತಿ, ಕೂಸು ತಡೀತೈತೇನ ಶೇಖಸಾಬ?' ಅಂದ. ತನ್ನ ಚಲೋ ಗಾಡಿ ಇಲ್ಲಿ ಬಿಟ್ಟ, ಇದನ್ನ ತಗೊಂಡ ಹೋದ. ನಂಬರಿನ ಪಾಟಿ ಅಷ್ಟ ಅದಲಬದಲ ಮಾಡಿದ್ರು. ಮನ್ಯಾಗ ಹೇಳಿಲ್ಲೇನು?"

ಹೇಳಿರಲಿಲ್ಲ. ಅರ್ಧ ದಾರಿಯಿಂದ ಗಾಡಿ ತಳ್ಳಿಕೊಂಡು ಬಂದು ಅವ್ವನ ಕೈಲಿ ಬೈಸಿಕೊಳ್ಳುತ್ತಿದ್ದ ಅಪ್ಪ ಕಿರಣಕುಮಾರನ ಕಣ್ಣ ಮುಂದೆ ನಿಂತ. ಆದರೂ ಬಂದ ಕೆಲಸ ಮರೆಯುವಂತಿರಲಿಲ್ಲ. ಕಿಸೆಗೆ ಕೈ ಹಾಕಿ, "ಹಂಗಾದ್ರ ಚಾಚಿ... ಗಾಡಿ ನಿಮ್ದ ಐತಿ. ನೀವ ಏನ್ ಹೇಳತೀರಿ ಹಂಗ," ಎಂದ.

"ನಾ ಏನ್ ಹೇಳೂದೈತಿ? ಖುದ್ದ ತಂದ ಕೊಟ್ಟೀಯಲ್ಲ, ಅಲ್ಲಾ ನಿನಗ ಒಳ್ಳೇದ ಮಾಡ್ಲಿ. ಆ ಗ್ವಾಡಿ ಬಾಜೂಕ ನೆರಳಿಗೆ ನಿಲ್ಲಸು."

ಕಿರಣಕುಮಾರನ ಕೈ ಕಿಸೆಯಲ್ಲೇ ಉಳಿಯಿತು.

"ನಮ್ಮವರು ಸಾಯೂತನಕ ಅಂತಿದ್ರು," ಎಂದಳು ಬೀಬಿಜಾನ. "'ಆ ಗಾಡಿ ಕೆಟ್ಟದ್ದಲ್ಲ, ಅದರ ಮನಸ ತಿಳದವರು ಸಿಗಲಿಲ್ಲ' ಅಂತ. ಇವತ್ತ ಅದು ತಾನ ಮನಿಗೆ ಬಂತು ನೋಡು. ಆಸೀಮಗ ಕಿಕ್ ಹೊಡ್ಯಾಕ ಬರೂದಿಲ್ಲ. ವಾರಕ್ಕೊಮ್ಮಿ ಬಂದು ಚಾಲೂ ಮಾಡಿ ಹೋಗು."

ಇಷ್ಟು ಕೇಳಿದ ಮೇಲೆ ಒಪ್ಪಿಗೆಪತ್ರ ಹೊರತೆಗೆಯುವುದು ಮದುವೆಮನೆಯಲ್ಲಿ ಉಯಿಲು ಓದಿದಂತೆ. ಅವನು ಗಾಡಿಯನ್ನು ನೆರಳಿಗೆ ನಿಲ್ಲಿಸಿ ಕೈಮುಗಿದು ಒಪ್ಪಿಸಿದ.

"ನಿಮ್ಮಪ್ಪಂದ ಹಿತ್ತಲದಾಗ ಐತಿ. ಅದನ್ನ ನೀ ತಗೊಂಡ ಹೋಗು," ಎಂದ ಒಳಗಿನಿಂದ ಬಂದ ಆಸೀಮ.

ತಗಡಿನ ಮಾಡಿನಡಿ ಅದು ನಿಂತಿತ್ತು. ಟಾಕಿ ತೂತು, ಗಾಲಿಗೆ ಟೈರಿಲ್ಲ, ಸೀಟು ಇದ್ದ ಜಾಗದಲ್ಲಿ ಎರಡು ಸ್ಪ್ರಿಂಗು. ಇಪ್ಪತ್ತು ವರ್ಷ ಹಗಲು ರಾತ್ರಿ ಹಳ್ಳಿಹಳ್ಳಿ ಸುತ್ತಿ ಸವೆದ ಗಾಡಿ. ಕಿರಣಕುಮಾರ ಮೊಣಕಾಲೂರಿ ಕುತ್ತಿಗೆಯ ತುಕ್ಕು ಉಜ್ಜಿದ. 78 ಕಂಡಿತು. "ಗೂಡ್ಸ್ ಆಟೊ ಕರೀರಿ ಆಸೀಮಣ್ಣ, ಇವತ್ತ ಒಯ್ಯತೀನಿ," ಎಂದು ಹಿಂದಿನ ಕ್ಯಾರಿಯರ್ ಹಿಡಿದು ಎಳೆದ.

ಕ್ಯಾರಿಯರ್ ಮೇಲಿನ ಬುಟ್ಟಿಯಿಂದ ಒಂದು ಕೋಳಿ ಕೊಕ್ಕು ಚಾಚಿ ಅವನ ಕೈಗೆ ಕುಕ್ಕಿತು.

"ಏ! ಅಲ್ಲಾಡಸಬ್ಯಾಡ!" ಬೀಬಿಜಾನ ಕೋಲೆತ್ತಿ ಬಂದಳು. "ಕಾವಿಗೆ ಕುಂತೈತಿ. ಹನ್ನೊಂದ ತತ್ತಿ ಅದಾವ. ಹನ್ನೆರಡ ದಿನ ಆತು, ಇನ್ನ ಒಂಬತ್ತ ದಿನ."

"ಬುಟ್ಟಿ ಬಿಚ್ಚಿ ಕೆಳಗ ಇಡೂಣ್ರಿ ಚಾಚಿ."

"ಜಾಗಾ ಬದಲಾದ್ರ ಎದ್ದ ಹೋಗತೈತಿ. ಸಾವಿರ ಬಾಣಂತನ ಮಾಡೀನಿ ಬೇಟಾ, ನನಗ ಹೇಳತೀಯೇನು? ಮರಿ ಹೊರಗ ಬಂದ ಮ್ಯಾಲ ತಗೊಂಡ ಹೋಗು."

ಸಂಜೆಯ ಗದಗ ಬಸ್ಸಿನಲ್ಲಿ ಗಂಡ ಹೆಂಡತಿ ತೊಡೆಯ ಮೇಲೆ ಒಂದೊಂದು ಹೆಲ್ಮೆಟ್ ಇಟ್ಟುಕೊಂಡು ಕೂತಿದ್ದರು. ಕಂಡಕ್ಟರ್ ಎರಡೂ ಹೆಲ್ಮೆಟ್ಟುಗಳನ್ನು ನೋಡಿ ನಕ್ಕ.

"ಗಾಡಿ ಎಲ್ಲಿ ಬಿಟ್ರಿ ಸರ?"

ಕಿರಣಕುಮಾರ ಕಿಟಕಿಯ ಕಡೆ ಮುಖ ತಿರುಗಿಸಿದ. ಉತ್ತರ ಕೊಟ್ಟವಳು ಕಲ್ಪನಾ.

"ಬಾಣಂತನಕ್ಕ ಬಿಟ್ಟ ಬಂದೇವ್ರಿ. ಒಂಬತ್ತ ದಿನ ಬಿಟ್ಟ ಕರಕೊಂಡ ಬರಾಕ ಹೋಗತೇವಿ, ಇಬ್ರೂ."