ಶಲ್ಯ ಹೊದ್ದ ಲ್ಯಾಪ್‌ಟಾಪ್

ಗಿರಾಕಿಯನ್ನು ಬರಿಗೈಯಲ್ಲಿ ಕಳುಹಿಸುವುದೇ ವ್ಯಾಪಾರಧರ್ಮವೆಂದು ನಂಬಿದ ವರ್ತಕನೊಬ್ಬ ಅರಸೀಕೆರೆಯಲ್ಲಿದ್ದ. ಆತ ನನ್ನ ಹೆಂಡತಿಯ ತಮ್ಮ. ಇಂಥ ಭಾಗ್ಯ ಬೇರೆ ಯಾರ ಮನೆತನಕ್ಕೆ ಒದಗೀತು? ನಮ್ಮ ಮಾವನವರು ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಕೊಬ್ಬರಿ ಮಂಡಿ ನಡೆಸುತ್ತಿದ್ದರು. ಅವರು ಲಿಂಗೈಕ್ಯರಾದ ಮೇಲೆ ಮಗ ಮಂಡಿಯ ಅರ್ಧಕ್ಕೆ ಗಾಜು ಹಾಕಿಸಿ, ದೊಡ್ಡ ಕಂಪನಿಯೊಂದರ ಕಂಪ್ಯೂಟರುಗಳನ್ನು ಮಾರಲು ಕುಳಿತ. ಉಳಿದರ್ಧದಲ್ಲಿ ಕೊಬ್ಬರಿಯ ಚೀಲಗಳು ಹಾಗೆಯೇ ಉಳಿದವು. ಹೀಗಾಗಿ ಅವನಲ್ಲಿ ಕೊಂಡ ಯಂತ್ರ ಯಾವುದೇ ಆದರೂ ಮೊದಲ ತಿಂಗಳೆಲ್ಲ ಕೊಬ್ಬರಿಯ ಪರಿಮಳ ಬೀರುತ್ತಿತ್ತು.

ನಾನು ನಿವೃತ್ತ ಸಂಸ್ಕೃತ ಉಪಾಧ್ಯಾಯ. ಹಾರನಹಳ್ಳಿಯ ಗುಡಿಯ ಶಿವನನ್ನು ಕುರಿತು ಬಹಳ ವರ್ಷಗಳಿಂದ ಪದ್ಯಗಳನ್ನು ಬರೆಯುತ್ತಿದ್ದೇನೆ. ನೂರು ತುಂಬಿಸಬೇಕೆಂಬುದು ಸಂಕಲ್ಪ. ಅವುಗಳನ್ನು ಅಚ್ಚುಕಟ್ಟಾಗಿ ಬರೆದಿಡಲು ಕಂಪ್ಯೂಟರು ಕಲಿಯಬೇಕೆಂದು ಬೆಳಗಿನ ಪೂಜೆ ಮುಗಿಸಿ ದಿನವೂ ಅವನ ಅಂಗಡಿಗೆ ಹೋಗುತ್ತಿದ್ದೆ. ಜನರಿಗೆ ತೋರಿಸಲೆಂದು ಕಂಪನಿ ಕೊಟ್ಟ ಯಂತ್ರದ ಮೇಲೆ ಒಂದೊಂದೇ ಅಕ್ಷರ ಒತ್ತಿ ಕಲಿತೆ. "ಪದ್ಯ ಮುಗಿದ ದಿನ ನಿನ್ನಲ್ಲೇ ಒಂದು ತಗೋತೀನಿ ಕಣಯ್ಯಾ" ಎಂದು ಒಮ್ಮೆ ಹೇಳಿದ್ದೆ. ಹೇಳಿದ್ದನ್ನು ನಾನು ಮರೆತೆ.

ಅವನ ವ್ಯಾಪಾರದ ಕ್ರಮವನ್ನು ಪ್ರತ್ಯಕ್ಷ ಕಂಡವರೇ ನಂಬಬೇಕು. ಒಂದು ದಿನ ಜಾವಗಲ್ಲಿನ ತೆಂಗಿನ ತೋಟದವರೊಬ್ಬರು ಬಂದು, ಇರುವುದರಲ್ಲೆಲ್ಲ ದೊಡ್ಡ ಲ್ಯಾಪ್‌ಟಾಪ್ ಬೇಕೆಂದರು.

"ಯಾರಿಗೆ?"

"ಮಗಳಿಗೆ. ಬಿ.ಕಾಂ. ಸೇರವ್ಳೆ."

"ಇದು ಸಿನಿಮಾ ಕೆಲಸ ಮಾಡೋರಿಗೆ. ಮಗಳಿಗೆ ಆ ಚಿಕ್ಕದು ಸಾಕು. ಅದನ್ನೂ ಈಗ್ಲೇ ಒಯ್ಬೇಡಿ. ಮೂರು ದಿನ ಕಳ್ಸಿ, ಇಲ್ಲೇ ಕೂತು ಬರೀಲಿ. ಕೈಗೆ ಒಗ್ಗಿದ್ರೆ ತಗೊಳ್ಳಿ."

"ಅಲ್ಲ ಸ್ವಾಮಿ, ನೀವು ಅಂಗ್ಡಿ ಇಟ್ಟಿರೋದು ಮಾರಕ್ಕೋ, ಬುದ್ಧಿ ಹೇಳಕ್ಕೋ?"

"ಕಾಯಿ ಕುಲುಕಿ ನೋಡ್ದೆ ತಗೊಂತೀರಾ ನೀವು?"

ಹುಡುಗಿ ಮೂರು ದಿನ ಬಂದಳು. ಕಾಲೇಜಿಗೆ ಬರೆದುಕೊಡಬೇಕಿದ್ದುದನ್ನೆಲ್ಲ ಅಲ್ಲೇ ಬರೆದು ಮುಗಿಸಿ, ಅಂಗಡಿಯ ಅಣ್ಣನಿಗೆ ಥ್ಯಾಂಕ್ಸ್ ಹೇಳಿ, ಜಾವಗಲ್ಲಿನ ಬಸ್ಸು ಹತ್ತಿದಳು. ಆಮೇಲೆ ಲ್ಯಾಪ್‌ಟಾಪಿನ ಅಗತ್ಯವಾದರೂ ಏನಿತ್ತು?

ಇದಕ್ಕಿಂತ ವಿಚಿತ್ರವಾದದ್ದು ಇನ್ನೊಂದು. ಗಾಜಿನ ಬೀರುವಿನಲ್ಲಿ ಒಂದು ಯಂತ್ರಕ್ಕೆ ಅವನು ತನ್ನ ಹಳೆಯ ಶಲ್ಯ ಹೊದಿಸಿಟ್ಟಿದ್ದ. ಯಾರು ಕೇಳಿದರೂ, "ಅದು ಬುಕ್ ಆಗಿದೆ" ಎಂಬ ಒಂದೇ ಉತ್ತರ. ತಿಂಗಳುಗಳು ಕಳೆದರೂ ಬುಕ್ ಮಾಡಿದವರ ಸುಳಿವಿಲ್ಲ. "ಯಾರಯ್ಯಾ ಆ ಪುಣ್ಯಾತ್ಮ? ಮುಂದಿನ ಜನ್ಮದಲ್ಲಿ ಬರ್ತಾನೇನು?" ಎಂದು ನಾನು ಹಾಸ್ಯ ಮಾಡುತ್ತಿದ್ದೆ. ಅವನು ನಕ್ಕು ಶಲ್ಯವನ್ನು ಸರಿಪಡಿಸುತ್ತಿದ್ದ.

ಕಂಪನಿಯವರಿಗೂ ಅವನಿಗೂ ನಡೆದ ಸಂವಾದಗಳು ಬೇರೆಯೇ. ಪ್ರತಿ ಸೋಮವಾರ ಅಂಗಡಿಯ ಅಲಂಕಾರದ ಫೋಟೋ ಕಳುಹಿಸಬೇಕೆಂಬುದು ಅವರ ಕಟ್ಟಳೆ. ಹೋದ ವರ್ಷದ ಆಯುಧಪೂಜೆಯಂದು ಇವನು ಯಂತ್ರಗಳಿಗೆಲ್ಲ ವಿಭೂತಿ ಬಳಿದು, ಕುಂಕುಮವಿಟ್ಟು, ಚೆಂಡುಹೂವಿನ ಹಾರ ಹಾಕಿ, ಎದುರಿಗೆ ಬೂದುಗುಂಬಳ ಇಟ್ಟು ಫೋಟೋ ಕಳುಹಿಸಿದ. ಕಂಪನಿಯ ಅಧಿಕಾರಿ ಬೆಂಗಳೂರಿನಿಂದ ಫೋನು ಮಾಡಿದರು.

"ಸಾರ್, ಪೋಸ್ಟರ್ ಎಲ್ಲಿ ಸಾರ್? ಕುಂಬಳಕಾಯಿ ಮಾತ್ರ ಕಾಣ್ತಾ ಇದೆ."

"ಪೋಸ್ಟರ್ ಕುಂಬಳಕಾಯಿ ಹಿಂದೆ ಇದೆ ಸಾರ್. ನಾಳೆ ಒಡೀತೀವಿ, ಆಗ ಕಾಣುತ್ತೆ."

ವಿಭೂತಿ ಕೀಲಿಗಳ ಸಂದಿಯಲ್ಲಿ ಇಳಿದು ಎರಡು ಯಂತ್ರಗಳು ಮೌನವ್ರತ ಹಿಡಿದವು ಎಂಬುದನ್ನು ಅವನು ಫೋನಿನಲ್ಲಿ ಹೇಳಲಿಲ್ಲ.

ಈ ವರ್ಷ ಶ್ರಾವಣದಲ್ಲಿ ಅಧಿಕಾರಿ ತಾವೇ ಬಂದರು. ಅತಿಥಿ ಬಂದರೆ ದೇವರ ದರ್ಶನ ಮಾಡಿಸದೆ ಕಳುಹಿಸುವುದುಂಟೇ? ಭಾವಮೈದ ಅವರನ್ನು ಕಾರಿನಲ್ಲಿ ಬೇಲೂರಿಗೆ ಕರೆದೊಯ್ದ; ನಾನೂ ಜೊತೆಗಿದ್ದೆ. ಚೆನ್ನಕೇಶವನಿಗೆ ಕೈಮುಗಿದು ಹೊರಗೆ ಬಂದೆವು. ಕೆಲವು ಶಿಲ್ಪಗಳ ಪೀಠದಲ್ಲಿ ಕೆತ್ತಿದವರು ತಮ್ಮ ಹೆಸರು ಬಿರುದುಗಳನ್ನು ಬರೆದಿರುವುದನ್ನು ನಾನು ಓದಿ ಅರ್ಥ ಹೇಳಿದೆ. ಭಾವಮೈದ ಬಹಳ ಹೊತ್ತು ನೋಡಿ, ಅಧಿಕಾರಿಯತ್ತ ತಿರುಗಿದ.

"ನೋಡಿ ಸಾರ್, ಇಷ್ಟು ಚೆನ್ನಾಗಿ ಕೆತ್ತಿದೋನೇ ತನ್ನ ಹೆಸರನ್ನ ಕಾಲಡಿ ಬರ್ಕೊಂಡವ್ನೆ. ನಿಮ್ಮ ಕಂಪನಿ ಹೆಸರಿನ ಬೋರ್ಡು ನನ್ನ ಅಂಗಡಿ ತಲೆ ಮೇಲೆ ಹದಿನೈದಡಿ ಉದ್ದ ಐತೆ."

ಅಧಿಕಾರಿ ನಕ್ಕರು. ಕಾರು ಹತ್ತುವ ಮುನ್ನ, ನಗು ಮಾಸಿದ ಮೇಲೆ ಹೇಳಿದರು: "ನಿಮ್ಮನ್ನ ಕಂಡ್ರೆ ನಂಗೆ ಇಷ್ಟ ಸಾರ್. ಆದ್ರೆ ದೀಪಾವಳಿಯೊಳಗೆ ಇಪ್ಪತ್ತು ಪೀಸ್ ಹೋಗ್ದಿದ್ರೆ ಬೋರ್ಡ್ ಇಳಿಸ್ಬೇಕಾಗುತ್ತೆ. ನನ್ನ ಕೈಲಿಲ್ಲ."

ಹಿಂದಿರುಗುವ ದಾರಿಯಲ್ಲಿ ಹಳೇಬೀಡಿನ ಕೆರೆ ಕಂಡಾಗ ಭಾವಮೈದ, "ಇಪ್ಪತ್ತು ಆಗುತ್ತೆ ಅಲ್ವಾ ಭಾವ?" ಎಂದ. "ಆಗದೆ ಏನಯ್ಯಾ?" ಎಂದೆ ನಾನು. ಈ ಮಾತನ್ನು ಆಡಿದ ಬಾಯಿ ನನ್ನದೇ ಎಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ನವರಾತ್ರಿಯಲ್ಲಿ ಕಣ್ಣು ತೋರಿಸಲೆಂದು ಹಾಸನಕ್ಕೆ ಹೋದೆ. ಹಿಂದಿರುಗುವಾಗ ಹೊಸದಾಗಿ ತೆರೆದ ಭಾರಿ ಅಂಗಡಿಯೊಂದು ಕಣ್ಣಿಗೆ ಬಿತ್ತು. ಒಳಗೆ ತಂಪುಗಾಳಿ, ಕೂರಲು ಮೆತ್ತನೆಯ ಕುರ್ಚಿ, ಕುಡಿಯಲು ನಿಂಬೆಯ ಪಾನಕ. ಅದೇ ಕಂಪನಿಯ ಲ್ಯಾಪ್‌ಟಾಪು, ಜೊತೆಗೆ ಉಚಿತವಾಗಿ ಒಂದು ಮಿಕ್ಸಿ. ಯಾತಕ್ಕೆ ಬೇಕೆಂದು ಯಾರೂ ಕೇಳಲಿಲ್ಲ. ಹಾಗೆ ಕೇಳದಿರುವುದೇ ನನಗೆ ದೊಡ್ಡ ಮರ್ಯಾದೆಯಂತೆ ತೋರಿತು. ಎಪ್ಪತ್ತೆರಡು ವರ್ಷದ, ಶಾಸ್ತ್ರ ಓದಿದವನ ವಿವೇಕ ಒಂದು ಮಿಕ್ಸಿಯ ಮುಂದೆ ನುಣ್ಣಗಾಯಿತು.

ಮನೆಗೆ ತಂದರೆ ಅದರಲ್ಲಿ ಕನ್ನಡ ಮೂಡಲಿಲ್ಲ. ನಾನು ಯಾರಿಗೆ ಫೋನು ಮಾಡಿದೆನೆಂದು ಊಹಿಸಬಲ್ಲಿರಾ? ಭಾವಮೈದನಿಗೇ. ನಾಚಿಕೆಯೂ ಆಗಲಿಲ್ಲ. ಅವನು ಬಂದು ಯಂತ್ರವನ್ನು ತಿರುಗಿಸಿ ನೋಡಿದ, ಕುಳಿತು ಕನ್ನಡ ಹಾಕಿಕೊಟ್ಟ.

"ಒಳ್ಳೇದೇ ತಗೊಂಡಿದೀರಿ ಭಾವ. ನಿಮ್ಮ ಕೆಲಸಕ್ಕೆ ಸ್ವಲ್ಪ ದೊಡ್ಡದಾಯ್ತು, ಅಷ್ಟೆ. ಪದ್ಯ ಎಲ್ಲ ಮುಗಿದ್ವಾ?"

"ಇನ್ನೂ ಎಂಟು ಬಾಕಿ."

"ಓ. ಮುಗಿದಿರಬೇಕು ಅಂದ್ಕೊಂಡೆ."

ನನ್ನಾಕೆ ದೋಸೆ ಹಾಕಿಕೊಟ್ಟಳು. ಅವನು ತಿಂದು, "ಚಟ್ನಿ ಬಲು ನುಣ್ಣಗಿದೆ ಅಕ್ಕಾ" ಎಂದು ಹೇಳಿ ಹೋದ. ಅದನ್ನು ರುಬ್ಬಿದ ಮಿಕ್ಸಿ ಯಾವುದೆಂದು ಅವನಿಗೆ ಗೊತ್ತಿತ್ತು. ಅಂದಿನಿಂದ ನನ್ನಾಕೆ ಒರಳನ್ನೇ ಬಳಸುತ್ತಿದ್ದಾಳೆ.

ದೀಪಾವಳಿ ಕಳೆಯಿತು. ಇಪ್ಪತ್ತರಲ್ಲಿ ಹನ್ನೊಂದು ಹೋಗಿದ್ದವು. ನನ್ನದೊಂದು ಸೇರಿದ್ದರೂ ಹನ್ನೆರಡೇ ಆಗುತ್ತಿತ್ತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಈ ಸಮಾಧಾನವನ್ನು ಎಷ್ಟು ಸಲ ಜಪಿಸಿದರೂ ಅದು ಸಿದ್ಧಿಸಲಿಲ್ಲ.

ಬೋರ್ಡ್ ಇಳಿಸುವ ದಿನ ಹೋದೆ. ಕಂಪನಿಯ ಕೆಲಸದವರು ಏಣಿ ಹತ್ತಿದ್ದರು. ಅವರು ಬೀಳದಂತೆ ಕೆಳಗೆ ಏಣಿ ಹಿಡಿದು ನಿಂತಿದ್ದವನು ಇವನೇ. ಒಳಗೆ ಬೀರು ಖಾಲಿಯಾಗಿತ್ತು. ಶಲ್ಯ ಹೊದ್ದ ಯಂತ್ರವೊಂದು ಮಾತ್ರ ಇತ್ತು. ಏನಾದರೂ ಮಾತಾಡಬೇಕಲ್ಲ ಎಂದು ಹಳೆಯ ಹಾಸ್ಯವನ್ನೇ ಆಡಿದೆ.

"ಬುಕ್ ಮಾಡಿದೋರು ಇನ್ನೂ ಬರಲಿಲ್ವೇನಯ್ಯಾ?"

"ಬೇರೆ ಕಡೆ ತಗೊಂಡ್ರಂತೆ ಭಾವ."

ನಾನು ಶಲ್ಯ ಸರಿಸಿದೆ. ಕೀಲಿಗಳ ಮೇಲೆಲ್ಲ ಕನ್ನಡದ ಅಕ್ಷರಗಳನ್ನು ಕತ್ತರಿಸಿ ಅಂಟಿಸಿದ್ದ, ನನ್ನ ಮಬ್ಬುಗಣ್ಣಿಗೂ ಕಾಣುವಷ್ಟು ದಪ್ಪಗೆ. ಯಂತ್ರವನ್ನು ಮಗುಚಿದೆ. ತಳದಲ್ಲಿ ಒಂದು ಚೀಟಿ: "ಭಾವನವರಿಗೆ, ಪದ್ಯ ಮುಗಿದ ದಿನ." ಅದರ ಕೆಳಗೆ, ಇನ್ನೂ ಸಣ್ಣದಾಗಿ, ಅವನ ಹೆಸರು.

ಶಲ್ಯವನ್ನು ಮಡಿಸಿಟ್ಟು, "ಕೊಡಯ್ಯಾ, ಇದನ್ನ ತಗೊಂಡು ಹೋಗ್ತೀನಿ" ಎಂದೆ.

"ಹಾಗೆಲ್ಲ ಕೊಡಕ್ಕಾಗಲ್ಲ ಭಾವ. ಮೂರು ದಿನ ಬಂದು ಇಲ್ಲೇ ಕೂತು ಬರೀರಿ. ಕೈಗೆ ಒಗ್ಗಿದ್ರೆ ನೋಡಣ."

ಈಗ ಅಂಗಡಿಯ ತುಂಬ ಕೊಬ್ಬರಿಯ ಚೀಲಗಳು. ಅವುಗಳ ನಡುವೆ ನನಗೊಂದು ಸ್ಟೂಲು. ಪೂಜೆ ಮುಗಿಸಿ ಹೋಗುತ್ತೇನೆ, ಒಂದೊಂದೇ ಅಕ್ಷರ ಒತ್ತುತ್ತೇನೆ. ಅವನು ಲೆಕ್ಕವಿಲ್ಲದಷ್ಟು ಸಲ, "ಒಗ್ಗಿತಾ ಭಾವ?" ಎಂದು ಕೇಳಿದ್ದಾನೆ. ಇದು ಮೂರನೆಯ ತಿಂಗಳು. ಇನ್ನೂ ಒಗ್ಗಿಲ್ಲವೆಂದೇ ಹೇಳುತ್ತಿದ್ದೇನೆ.