ಸಕ್ಕರಿ ಬಟ್ಟಲದಾಗ ಪುಷ್ಯರಾಗ

ಭೂವಿಜ್ಞಾನ ಕಲಿಸಿ ನಿವೃತ್ತನಾಗಿ ಉಣಕಲ್‌ನಲ್ಲಿ ಹಾಯಾಗಿ ಕೂತ ನನ್ನ ಬಾಗಿಲನ್ನು ನಸುಕಿನಲ್ಲೇ ಯಾರು ಬಡಿದಿರಬಹುದು, ಊಹಿಸಿ ನೋಡೋಣ? ಪಕ್ಕದ ಮನೆಯ ಹತ್ತಿ ವ್ಯಾಪಾರಿ! ಕೈಯಲ್ಲಿ ಹಾಲಿನ ವಾಟಗ, ಹಾಲಿನಲ್ಲಿ ಉಂಗುರ. ಕಲ್ಲು ಬಲ್ಲವನೆಂದು ಹೆಸರಾದರೆ ಇಂಥವು ನಡೆಯುತ್ತಲೇ ಇರುತ್ತವೆ.

೧. ಜಗ್ಗುವ ಕಲ್ಲು

ಮಗಳ ಲಗ್ನ ಕೂಡಿಬರಲೆಂದು ಜೋಯಿಸರು ಈ ಅಪ್ಪನಿಗೇ ಪುಷ್ಯರಾಗ ಹಾಕಿಕೊಳ್ಳಲು ಹೇಳಿದ್ದರು. ಶುಕ್ರವಾರ ಗಂಡಿನ ಕಡೆಯವರು ಬರುವವರಿದ್ದರು.

"ಸರ್, ರಾತ್ರಿಯೆಲ್ಲಾ ಹಾಲಿನ್ಯಾಗ ಇಟ್ಟೇನಿ. ಖರೇ ಕಲ್ಲು ಹೌದೋ ಅಲ್ಲೋ ನೋಡ್ರಿ."

ಉಂಗುರದ ಕಲ್ಲನ್ನು ಒರೆಸಿ ಒಂದು ಸ್ಫಟಿಕದ ಚೂರಿನ ಮೇಲೆ ಎಳೆದೆ. ಸ್ಫಟಿಕಕ್ಕೇ ಗೀರು ಬಿತ್ತು. ಅಂದರೆ ಇದು ಅದಕ್ಕಿಂತ ಗಟ್ಟಿ, ಗಾಜಲ್ಲ. ಹುರುಪಿಗೆ ಕಲ್ಲನ್ನು ಉಣ್ಣೆಯ ಶಾಲಿಗೆ ಉಜ್ಜಿ ಕಾಗದದ ಚೂರಿನ ಹತ್ತಿರ ಹಿಡಿದೆ. ಚೂರು ಟಣ್ಣನೆ ಹಾರಿ ಅಂಟಿಕೊಂಡಿತು.

ಅವರು ಕೈ ಮುಗಿದರು. "ಕಾಗದಾನ ಜಗ್ಗತೈತಿ ಅಂದ್ರ, ಬೀಗರನ್ನ ಬಿಡತೈತೇನ್ರಿ!"

೨. ಪಾಠ

ಅವರ ಮನೆಯಲ್ಲಿ ಚಹಾ ಕುಡಿಯುತ್ತಾ ನಾನು ಪಾಠ ಶುರು ಮಾಡಿದೆ. ನೆಲದಾಳದಲ್ಲಿ ಗ್ರಾನೈಟ್ ಆರುವಾಗ ಕೊನೆಗೆ ಉಳಿಯುವ ಬಿಸಿ ಆವಿ, ಅದರಲ್ಲಿ ಫ್ಲೋರಿನ್, ಅದು ಬಿರುಕುಗಳಲ್ಲಿ ಸೇರಿ ಹರಳು ಕಟ್ಟುವುದು...

"ಲಗೂನ ಆಗೂದಿಲ್ಲೇನ್ರಿ ಸರ್?" ಎಂದರು ಮನೆಯಾಕೆ.

"ಅವಸರ ಮಾಡಿದ್ರ ಛಲೋ ಹರಳು ಬರೂದಿಲ್ರಿ ಅಕ್ಕಾರ."

ಒಳಗಿನಿಂದ ಮಗಳ ದನಿ: "ಕೇಳಿದೇನವ್ವಾ? ಇಷ್ಟು ದಿನಾ ನಾನೂ ಅದನ್ನ ಹೇಳಾಕತ್ತಿದ್ದೆ!"

೩. ಟಕ್

ಸೀಗಿ ಹುಣ್ಣಿಮೆಯ ಮರುದಿನ, ಶುಕ್ರವಾರ, ಗಂಡಿನವರು ಧಾರವಾಡದಿಂದ ಬಂದರು. ಪಕ್ಕದ ಮನೆಯವನೆಂದು ನನ್ನನ್ನೂ ಕರೆದಿದ್ದರು. ಹುಡುಗ ಹುಡುಗಿ ಒಪ್ಪಿದರು. ಬಾಯಿ ಸಿಹಿ ಮಾಡಲು ಸಕ್ಕರೆ ಬಟ್ಟಲು ಬಂತು. ಸಂಭ್ರಮದಲ್ಲಿ ಇಬ್ಬರು ಅಪ್ಪಂದಿರೂ ಒಮ್ಮೆಲೇ ಕೈ ಹಾಕಿದರು. ಗಂಡಿನ ಅಪ್ಪನ ಬೆರಳಲ್ಲೂ ದಪ್ಪ ಹರಳಿನ ಉಂಗುರ. ಟಕ್! ನಮ್ಮ ವ್ಯಾಪಾರಿಯ ಪುಷ್ಯರಾಗ ಎರಡು ಹೋಳಾಗಿ ಸಕ್ಕರೆಯಲ್ಲಿ ಬಿತ್ತು.

"ಅಪಶಕುನ," ಎಂದು ಗಂಡಿನ ಅಪ್ಪ ಕೈ ಹಿಂದಕ್ಕೆಳೆದುಕೊಂಡರು. ವ್ಯಾಪಾರಿಯ ಮುಖ ಅವರದೇ ಹತ್ತಿಯಷ್ಟು ಬೆಳ್ಳಗಾಯಿತು. ನನ್ನ ಕಡೆ ನೋಡಿದರು.

"ಶಕುನ ಅಲ್ರೀ, ಇದು ಆ ಕಲ್ಲಿನ ಗುಣ! ಎಷ್ಟು ಗಟ್ಟಿ ಇದ್ರೂ ಒಂದು ದಿಕ್ಕಿನ್ಯಾಗ ಪೆಟ್ಟು ಬಿದ್ರ ಸೀಳತೈತಿ. ನೋಡ್ರಿ, ಕನ್ನಡಿಯಂಥಾ ನುಣುಪು!" ಎಂದೆ.

ಆಗ ಗಂಡಿನ ತಾಯಿ ಹೋಳುಗಳನ್ನು ಆರಿಸಿ, ಸೆರಗಿನಿಂದ ಒರೆಸಿ ಹೇಳಿದರು: "ಒಂದಿದ್ದದ್ದು ಎರಡಾತು, ಛಲೋ ಆತು. ಹುಡುಗಗೊಂದು, ಹುಡುಗಿಗೊಂದು ಉಂಗುರ ಮಾಡಸ್ರಿ. ಈಗ ಸಕ್ಕರಿ ಕೊಡ್ರಿ!"

ಗಂಡಿನ ಅಪ್ಪ ತಮ್ಮ ಉಂಗುರವನ್ನು ಮೆಲ್ಲಗೆ ಕಳಚಿ ಜೇಬಿಗಿಳಿಸಿ, ಆಮೇಲಷ್ಟೇ ಬಟ್ಟಲಿಗೆ ಕೈ ಹಾಕಿದರು.