ಹುಹುಯ್ ಪ್ರಾಂತ್ಯದಲ್ಲಿ ಇಡ್ಲಿ ಹಿಟ್ಟಿನ ಪ್ರವಾಹ

ಈ ವ್ಯವಹಾರಕ್ಕೆ ನನಗೆ ತಗಲಿದ ವೆಚ್ಚ: ಒಂದು ಭಾನುವಾರದ ಇಡ್ಲಿ, ಹೆಂಡತಿಯ ಬಿಳಿ ಟವೆಲ್‌ಗಳು ಮತ್ತು ಅರ್ಜೆಂಟೀನಾದ ಒಬ್ಬ ಗವರ್ನರ್. ಕಾರಣ, ಉಳಿತಾಯ!

ನಾವಿರುವುದು ಐರ್ಲೆಂಡಿನ ಟಾಲಾ ಎಂಬ ಊರಿನಲ್ಲಿ. ಇಲ್ಲಿನ ಶಾಲೆಯಲ್ಲಿ ನಮ್ಮ ಮಗಳು ಅನ್ವಿಯ ಪಾಲಿಗೆ ಅರ್ಜೆಂಟೀನಾದ ಹುಹುಯ್ ಪ್ರಾಂತ್ಯ ಬಂದಿತ್ತು. ಉಬ್ಬುನಕ್ಷೆ ಮಾಡಿ, ಸೋಮವಾರ ತರಗತಿಯ ಮುಂದೆ ನಿಂತು ವಿವರಿಸಬೇಕು. ಮನೆಯಲ್ಲಿ ಅರಳು ಹುರಿದಂತೆ ಮಾತಾಡುವ ಹುಡುಗಿ ಶಾಲೆಯಲ್ಲಿ ಬಾಯಿಯೇ ಬಿಡುವುದಿಲ್ಲ.

“ಮ್ಯಾಪ್ ಗ್ರ್ಯಾಂಡ್ ಆಗಿದ್ರೆ ಯಾರೂ ನನ್ನ ನೋಡಲ್ಲ ಅಲ್ವಾ, ಡ್ಯಾಡ್?” ಎಂದಳು.

“ಕ್ಲೇ ತರೋಣ” ಎಂದಳು ಹೆಂಡತಿ ಸುಮಾ.

“ಮೈದಾ ಇರೋ ಮನೇಲಿ ಕ್ಲೇಗೆ ದುಡ್ಡಾ? ಎಲ್ಲಾದ್ರೂ ಉಂಟೇ!”

ಮೈದಾ, ಉಪ್ಪು ಕಲಸಿ ಆಂಡಿಸ್ ಪರ್ವತ ಎಬ್ಬಿಸಿದೆವು. ಅಲ್ಲೂ ಚೌಕಾಸಿ ಬಿಡಲಿಲ್ಲ. “ಐದು ಬೆಟ್ಟ ಯಾಕಮ್ಮಾ? ಮೂರಕ್ಕೆ ಮುಗಿಸು.” ಸಾಸಿವೆಯೆಂದರೆ ಜನ: ಕಣಿವೆಯಲ್ಲಿ, ರಾಜಧಾನಿಯ ಸುತ್ತ ಹಿಡಿಹಿಡಿ, ಎತ್ತರದ ಒಣ ಬಯಲಿನಲ್ಲಿ ಅಲ್ಲೊಂದು ಇಲ್ಲೊಂದು. ತೊಗರಿಬೇಳೆ ಪುರಸಭೆಗಳು. ರಾಜಧಾನಿಯಲ್ಲಿ ಒಂದು ಕಡಲೆಕಾಳು. ಅವರೇ ಸನ್ಮಾನ್ಯ ಗವರ್ನರ್.

“ಮೇಲಿನ ಈ ನಾಲ್ಕು ಸಾಸಿವೆ ಬಿಟ್ರೆ ಯಾರು ಕೇಳ್ತಾರೆ?”

“ಡ್ಯಾಡ್! ಅವ್ರೂ ವೋಟ್ ಹಾಕ್ತಾರೆ!”

ಒಣಗಿಸಲು ಹಾಟ್ ಪ್ರೆಸ್‌ಗಿಂತ ಒಳ್ಳೆಯ ಜಾಗ ಯಾವುದು? ಬಿಸಿನೀರಿನ ಟ್ಯಾಂಕ್ ಇರುವ ಆ ಬೀರು ಐರ್ಲೆಂಡಿನವರಿಗೆ ಟವೆಲ್ ಬೆಚ್ಚಗಿಡಲು. ನಮಗೆ ಇಡ್ಲಿ ಹಿಟ್ಟು ಹುದುಗಿಸಲು. ಮೇಲಿನ ಹಲಗೆಯಲ್ಲಿ ಹಿಟ್ಟು, ಕೆಳಗೆ ಪ್ರಾಂತ್ಯ. “ಎರಡು ಪಾತ್ರೆ ಯಾಕೆ ತೊಳೀಬೇಕು?” ಎಂದು ಒಂದೇ ಪಾತ್ರೆಗೆ ಅಂಚಿನವರೆಗೂ ತುಂಬಿದವನು ನಾನೇ.

ಭಾನುವಾರ ಬೆಳಿಗ್ಗೆ ಬಾಗಿಲು ತೆಗೆದರೆ, ಹಿಟ್ಟು ಉಕ್ಕಿ, ಒಣ ಬಯಲನ್ನು ಮುಚ್ಚಿ, ಕಣಿವೆಗೆ ಇಳಿದಿತ್ತು. ಪುರಸಭೆಗಳು ಜಲಾವೃತ. ಪಕ್ಕದಲ್ಲಿದ್ದ ಸುಮಾಳ ಬಿಳಿ ಟವೆಲ್‌ಗಳೂ ಮುಳುಗಡೆ. ಗವರ್ನರ್ ನಾಪತ್ತೆ!

ಅನ್ವಿ ಅಳಲಿಲ್ಲ. ಹಿಟ್ಟಿನೊಳಗೆ ಬೆರಳಾಡಿಸಿ ಗವರ್ನರನ್ನು ಹುಡುಕತೊಡಗಿದಳು. ಅದನ್ನು ನೋಡಲಾಗಲಿಲ್ಲ. ಹೇರ್ ಡ್ರೈಯರ್ ಹಿಡಿದು ಪರಿಹಾರ ಕಾರ್ಯಕ್ಕಿಳಿದೆ. ಹಿಟ್ಟು ಬೆಳ್ಳಗೆ ಒಣಗಿ, ಬಿರುಕುಬಿಟ್ಟು, ಬೆಟ್ಟಗಳ ನಡುವೆ ಗಟ್ಟಿಯಾಗಿ ಕೂತಿತು.

“ಇದನ್ನ ಕೆರೆದು ತೆಗಿಯೋಕೂ ಆಗಲ್ಲ ಕಣ್ರೀ” ಎಂದಳು ಸುಮಾ.

“ಬೇಡ, ಅಮ್ಮಾ!” ಅನ್ವಿ ಬಗ್ಗಿ ನೋಡಿದಳು. “ಅಲ್ಲಿ ನಿಜವಾಗ್ಲೂ ಸಾಲ್ಟ್ ಫ್ಲಾಟ್ಸ್ ಇವೆ. ಸೇಮ್ ಹಿಂಗೇ!”

ಕಣ್ಣು ಹಾಯಿಸಿದಷ್ಟೂ ಬಿಳಿ ಉಪ್ಪಿನ ಬಯಲು. ನಾವು ಅದನ್ನು ಮರೆತೇಬಿಟ್ಟಿದ್ದೆವು.

ಸೋಮವಾರ ಶಾಲೆಯ ಗೇಟಿನಲ್ಲಿ ಟೀಚರ್ ನಗುತ್ತ ಬಂದರು. “ಅನ್ವಿ ಇವತ್ತು ಮಾತು ನಿಲ್ಲಿಸಲೇ ಇಲ್ಲ!”

ನನ್ನ ಎದೆಯೂ ಉಬ್ಬಿತು. “ಹುಹುಯ್ ಬಗ್ಗೆಯೇ?”

“ಸ್ವಲ್ಪ. ಹೆಚ್ಚಾಗಿ ನಿಮ್ಮ ಬಗ್ಗೆ.”

ಆದ್ದರಿಂದ ಓದುಗರೇ, ಹಿಟ್ಟಿನ ಪಾತ್ರೆ ಯಾವತ್ತೂ ಕೆಳಗಿನ ಹಲಗೆಯಲ್ಲಿರಲಿ, ಅರ್ಧ ಖಾಲಿಯಿರಲಿ. ಹಿಟ್ಟಾದ ಟವೆಲನ್ನು ತಣ್ಣೀರಿನಲ್ಲೇ ನೆನೆಸಿ. ಬಿಸಿನೀರು ಹಾಕಿದರೆ ಅದರಲ್ಲೇ ಇಡ್ಲಿಯಾಗುತ್ತದೆ. ಮಗು ಶಾಲೆಯಲ್ಲಿ ಬಾಯಿ ಬಿಡದಿದ್ದರೆ ಗಾಬರಿಯಾಗಬೇಡಿ. ಪ್ರಾಜೆಕ್ಟನ್ನು ಅಪ್ಪನ ಕೈಗೆ ಕೊಡಿ, ಸಾಕು.